ಫೋಟೊದಲ್ಲಿ ಕಮರಿ, ಕಾಲಡಿಯಲ್ಲಿ ನಾಲ್ಕಡಿ

ಪ್ರಶ್ನೆ: ನಮ್ಮ ಅಣ್ಣನ ಮಗ ಗೆಳೆಯರನ್ನು ಕಟ್ಟಿಕೊಂಡು ಗೊಡಚಿನಮಲ್ಕಿ, ಯೋಗಿಕೊಳ್ಳ ಅಂತ ತಿರುಗಾಡಿ ಬಂದು ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕುತ್ತಾನೆ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಬಂಡೆಯ ತುದಿಯಲ್ಲಿ ನಿಂತು ಒಂದು ಕಾಲನ್ನು ಗಾಳಿಯಲ್ಲಿ ಚಾಚಿರುತ್ತಾನೆ, ಕೆಳಗೆ ನೆಲವೇ ಕಾಣುವುದಿಲ್ಲ. ಅದೇ ಕಡೆ ನಾವು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಅಂಥ ಜಾಗ ಎಲ್ಲೂ ಕಾಣಲಿಲ್ಲ. ಕೇಳಿದರೆ ‘ಅದೆಲ್ಲಾ ಆ್ಯಂಗಲ್ ಐತಿ ಅತ್ತಿ’ ಅನ್ನುತ್ತಾನೆ. ಇದು ಹೇಗೆ ಸಾಧ್ಯ? ಇದನ್ನು ಜಾಣ್ಮೆ ಅನ್ನಬೇಕೋ, ಸುಳ್ಳು ಅನ್ನಬೇಕೋ?
— ಓದುಗರೊಬ್ಬರು, ಘೋಡಗೇರಿ

ಉತ್ತರ: ನಿಮ್ಮ ಹುಡುಗ ಹೇಳಿದ್ದು ನಿಜ. ಬಹಳಷ್ಟು ಫೋಟೊಗಳಲ್ಲಿ ಕಾಣುವ ಕಮರಿ ಹುಟ್ಟುವುದು ಗುಡ್ಡದಲ್ಲಲ್ಲ, ಮೊಬೈಲ್ ಹಿಡಿದವನ ಕೈಯ ಎತ್ತರದಲ್ಲಿ. ಇದನ್ನು ನೀವೇ ಪರೀಕ್ಷೆ ಮಾಡಿ ನೋಡಬಹುದು. ಅದಕ್ಕೆ ಜಲಪಾತದ ತನಕ ಹೋಗಬೇಕಿಲ್ಲ, ಊರಿನ ಹೊಲದ ಒಡ್ಡು ಸಾಕು.

ನಾಲ್ಕು ಅಡಿ ಎತ್ತರದ ಒಂದು ಒಡ್ಡಿನ ಅಂಚಿಗೆ ಹುಡುಗನನ್ನು ಆಚೆ ಮುಖಮಾಡಿ ನಿಲ್ಲಿಸಿ. ನೀವು ಅವನ ಹಿಂದೆ, ಅಂಚಿನಿಂದ ಐದು ಅಡಿ ಈಚೆ ನಿಂತುಕೊಳ್ಳಿ. ಮೊಬೈಲನ್ನು ಮುಖದ ಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು ಐದು ಅಡಿ ಎತ್ತರದಲ್ಲಿ ಹಿಡಿದು ಒಂದು ಫೋಟೊ ತೆಗೆಯಿರಿ. ಒಡ್ಡಿನ ಆಚೆ ಮರೆಯಾಗುವುದು ನಾಲ್ಕೇ ಅಡಿ ನೆಲ. ಅದರಾಚೆಯ ಕಬ್ಬಿನ ಸಾಲು, ಕಾಲುದಾರಿ ಎಲ್ಲ ಕಾಣುತ್ತದೆ, ಹುಡುಗ ಒಡ್ಡಿನ ಮೇಲೆ ನಿಂತ ಹುಡುಗನಾಗಿಯೇ ಉಳಿಯುತ್ತಾನೆ. ಈಗ ಅಲ್ಲೇ ಕುಕ್ಕರಗಾಲಲ್ಲಿ ಕೂತು ಮೊಬೈಲನ್ನು ನೆಲದಿಂದ ಒಂದಡಿಗೆ ಇಳಿಸಿ. ಮರೆಯಾಗುವ ನೆಲ ಇಪ್ಪತ್ತು ಅಡಿಗೆ ಏರುತ್ತದೆ. ಬೋರಲು ಮಲಗಿ ಮೂರು ಅಂಗುಲದ ಎತ್ತರದಿಂದ ತೆಗೆದರೆ ಎಂಬತ್ತು ಅಡಿ ನೆಲ ಮಾಯ. ಒಡ್ಡು ಅದೇ, ಹುಡುಗ ಅವನೇ, ಅವನು ಜಿಗಿದರೆ ಬೀಳುವುದು ಅದೇ ನಾಲ್ಕಡಿ. ಆದರೆ ಚಿತ್ರದಲ್ಲಿ ಅವನ ಹಿಮ್ಮಡಿಯ ಪಕ್ಕದಲ್ಲೇ ದೂರದ ಗುಡ್ಡ ಶುರುವಾಗುತ್ತದೆ. ಹತ್ತಿರದ ಅಂಚು ಮತ್ತು ದೂರದ ಗುಡ್ಡದ ನಡುವೆ ಏನೂ ಕಾಣದಿದ್ದಾಗ ಮನಸ್ಸು ಆ ಜಾಗವನ್ನು ಆಳದಿಂದ ತುಂಬುತ್ತದೆ. ಕ್ಯಾಮೆರಾ ಇಲ್ಲಿ ಸುಳ್ಳು ಹೇಳಿಲ್ಲ. ನೆಲವನ್ನು ಬಚ್ಚಿಟ್ಟಿದೆ, ಅಷ್ಟೆ.

ಇದರ ಮೇಲೆ ಹುಡುಗರು ‘ಪಾಯಿಂಟ್ ಫೈವ್’ ಎನ್ನುವ ಲೆನ್ಸ್ ಸೇರಿಸುತ್ತಾರೆ. ಮೊಬೈಲಿನಲ್ಲಿ 0.5 ಎಂದು ಬರೆದಿರುತ್ತದಲ್ಲ, ಅದು. ಮಾಮೂಲಿ ಲೆನ್ಸಿಗಿಂತ ಬಹಳ ಅಗಲದ ನೋಟವನ್ನು ಅದು ಹಿಡಿಯುತ್ತದೆ, ಹಾಗಾಗಿ ತೆಗೆಯುವವನು ವಸ್ತುವಿಗೆ ತೀರಾ ಹತ್ತಿರ ಹೋಗಬಹುದು. ಹತ್ತಿರ ಹೋದಷ್ಟೂ ಮುಂದಿನ ಕಲ್ಲು ದೊಡ್ಡದಾಗುತ್ತದೆ, ಹಿಂದಿನದೆಲ್ಲ ಕುಗ್ಗಿ ದೂರ ಸರಿಯುತ್ತದೆ. ಮೊಣಕಾಲೆತ್ತರದ ಕಲ್ಲು ಕೋಟೆಯ ಬುರುಜಿನಂತೆ ಕಾಣುವುದು ಹೀಗೆ. ಇದಕ್ಕೆ ತದ್ವಿರುದ್ಧವಾದ ಉಪಾಯವೂ ಇದೆ. ತೆಗೆಯುವವನು ಬಹಳ ಹಿಂದೆ ಹೋಗಿ ಝೂಮ್ ಮಾಡಿದರೆ ದೂರದ ಗುಡ್ಡ ಹುಡುಗನ ಬೆನ್ನಿಗೇ ಬಂದು ನಿಂತಂತೆ ಆಗುತ್ತದೆ. ಸಾದಾ ಮಡ್ಡಿಯೂ ದೊಡ್ಡ ಪರ್ವತದ ಗೋಡೆಯಾಗುತ್ತದೆ. ಇನ್ನು ಮೊಬೈಲನ್ನು ಕೊಂಚ ಓರೆ ಹಿಡಿಯುವುದು. ಹದಿನೈದು ಡಿಗ್ರಿ ಇಳಿಜಾರಿಗೆ ಮೊಬೈಲಿನ ಹದಿನೈದು ಡಿಗ್ರಿ ಓರೆ ಸೇರಿದರೆ ಚಿತ್ರದಲ್ಲಿ ಮೂವತ್ತು ಡಿಗ್ರಿಯ ಏರು ಸಿದ್ಧ. ದನಕಾಯುವ ಹುಡುಗರು ಓಡಾಡುವ ದಾರಿಯಲ್ಲಿ ಇವನು ಕೈಯೂರಿ ಹತ್ತುತ್ತಿರುವಂತೆ ತೋರುತ್ತದೆ. ಬಣ್ಣ ಗಾಢ ಮಾಡುವುದು, ಮೋಡ ಕೂಡಿಸುವುದು, ಹಿಂದೆ ನಿಂತ ಜನರನ್ನು ಅಳಿಸುವುದು ಆಮೇಲಿನ ಕೆಲಸ. ಅದು ಈಗ ಬಹಳಷ್ಟು ಮೊಬೈಲಿನಲ್ಲಿ ಆಗುತ್ತದೆ.

ಈ ವಿದ್ಯೆ ಇನ್‌ಸ್ಟಾಗ್ರಾಂ ಕಾಲದ್ದೇನೂ ಅಲ್ಲ. 1923ರ ‘ಸೇಫ್ಟಿ ಲಾಸ್ಟ್’ ಎಂಬ ಮೂಕಿ ಚಿತ್ರದಲ್ಲಿ ಹೆರಾಲ್ಡ್ ಲಾಯ್ಡ್ ಎತ್ತರದ ಕಟ್ಟಡದ ಗಡಿಯಾರದ ಮುಳ್ಳಿಗೆ ಜೋತುಬಿದ್ದಿರುತ್ತಾನೆ, ಕೆಳಗೆ ಬೀದಿಯ ಕಾರುಗಳು ಇರುವೆಯಂತೆ ಹರಿಯುತ್ತಿರುತ್ತವೆ. ಆ ಗಡಿಯಾರದ ಗೋಡೆಯನ್ನು ನಿಜವಾದ ಕಟ್ಟಡದ ಮಾಳಿಗೆಯ ಮೇಲೆ ಕಟ್ಟಿದ್ದರು. ಅವನ ಕೆಳಗೆ ಹಾಸು ಹಾಕಿದ ಅಟ್ಟಣಿಗೆ ಇತ್ತು, ಕ್ಯಾಮೆರಾದ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ಬ್ರೆಜಿಲ್‌ನ ರಿಯೊ ಡಿ ಜನೈರೊ ಹತ್ತಿರ ಪೆದ್ರಾ ದೊ ಟೆಲೆಗ್ರಾಫೊ ಎಂಬ ಬಂಡೆ ಇದೆ. ಅದಕ್ಕೆ ಜೋತುಬಿದ್ದವರ ಫೋಟೊ ನೋಡಿದರೆ ಕೆಳಗೆ ಸಮುದ್ರವೇ. ಆದರೆ ಕಾಲಿನ ಕೆಳಗೆ ಸ್ವಲ್ಪದರಲ್ಲೇ ಗಟ್ಟಿ ನೆಲವಿದೆ. ಆ ಫೋಟೊಕ್ಕಾಗಿ ಜನ ಪಾಳಿ ಹಚ್ಚಿ ಕಾಯುತ್ತಾರೆ. ಅಲ್ಲಿಗೆ ಹೋಗುವವರಿಗೆಲ್ಲ ಈ ಗುಟ್ಟು ಗೊತ್ತು. ಹಾಗಾಗಿ ಅದೊಂದು ಆಟ, ಅದರಲ್ಲಿ ಯಾರಿಗೂ ಮೋಸವಿಲ್ಲ.

ಮೋಸ ಯಾವಾಗ ಆಗುತ್ತದೆ? ಫೋಟೊ ಸಾಕ್ಷಿಯಾಗಿ ನಿಂತಾಗ. ಅಮೆರಿಕದ ಅನ್ವೇಷಕ ಫ್ರೆಡರಿಕ್ ಕುಕ್ 1906ರಲ್ಲಿ ಉತ್ತರ ಅಮೆರಿಕದ ಅತಿ ಎತ್ತರದ ಶಿಖರ ಮೆಕಿನ್ಲಿಯನ್ನು ಹತ್ತಿದೆ ಎಂದು ಸಾರಿದ. ತುದಿಯ ಮೇಲೆ ಬಾವುಟ ಹಿಡಿದು ನಿಂತ ಜತೆಗಾರನ ಫೋಟೊವನ್ನೂ 1908ರ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಬೆಲ್ಮೋರ್ ಬ್ರೌನ್ ಮತ್ತು ಹರ್ಷೆಲ್ ಪಾರ್ಕರ್ ಎಂಬಿಬ್ಬರು 1910ರಲ್ಲಿ ಆ ಫೋಟೊ ಇಟ್ಟುಕೊಂಡು ಹುಡುಕುತ್ತ ಹೋದರು. ಅದೇ ಕಲ್ಲು, ಅದೇ ಬಿರುಕು ಸಿಕ್ಕಿತು. ಅದು ಶಿಖರದಿಂದ ಸುಮಾರು 30 ಕಿಲೋಮೀಟರ್ ದೂರದ ಒಂದು ಸಣ್ಣ ದಿಬ್ಬವಾಗಿತ್ತು. ಶಿಖರದ ಎತ್ತರ 6,190 ಮೀಟರ್, ಈ ದಿಬ್ಬದ್ದು ಸುಮಾರು 1,600. ಅದನ್ನು ಇವತ್ತಿಗೂ ‘ಸುಳ್ಳು ಶಿಖರ’ ಎಂದೇ ಕರೆಯುತ್ತಾರೆ.

ನಮ್ಮ ಹತ್ತಿರದ ಪ್ರಸಂಗವೂ ಇದೆ. 2016ರ ಮೇ ತಿಂಗಳಲ್ಲಿ ಎವರೆಸ್ಟ್ ಏರಿದೆವೆಂದು ಪುಣೆಯ ಪೊಲೀಸ್ ದಂಪತಿ ಹೇಳಿಕೊಂಡರು, ನೇಪಾಳದಿಂದ ಪ್ರಮಾಣಪತ್ರವೂ ಬಂತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಪರ್ವತಾರೋಹಿ ಸತ್ಯರೂಪ್ ಸಿದ್ಧಾಂತ ಅವರು, ಅದು ನನ್ನ ಫೋಟೊ, ತಿದ್ದಿ ತಮ್ಮದೆಂದು ತೋರಿಸಿದ್ದಾರೆ ಎಂದು ದೂರಿದರು. ತನಿಖೆ ಮಾಡಿದ ನೇಪಾಳ ಸರ್ಕಾರ ಪ್ರಮಾಣಪತ್ರ ರದ್ದು ಮಾಡಿ, ಆ ಇಬ್ಬರಿಗೂ ತನ್ನ ಪರ್ವತಗಳ ಮೇಲೆ 10 ವರ್ಷ ನಿಷೇಧ ಹಾಕಿತು.

ನಿಮ್ಮ ಹುಡುಗ ಈ ಸಾಲಿಗೆ ಸೇರುವವನಲ್ಲ. ಪ್ರಮಾಣಪತ್ರ ಕೇಳಿಲ್ಲ, ಯಾರ ಕೆಲಸವನ್ನೂ ಕದ್ದಿಲ್ಲ. ಕೇಳಿದಾಗ ಆ್ಯಂಗಲ್ ಎಂದು ಒಪ್ಪಿಕೊಂಡಿದ್ದಾನೆ ಕೂಡ. ಇದೇ ಫೋಟೊವನ್ನು ಬಯಲುಸೀಮೆಯ ಯಾವುದಾದರೂ ಕೆರೆ ಏರಿಯ ಮೇಲೆ ತೆಗೆದಿದ್ದರೆ, ಜಾಣ ಹುಡುಗ ಎಂದು ಬೆನ್ನು ತಟ್ಟಿ ನಾನು ಉತ್ತರ ಮುಗಿಸುತ್ತಿದ್ದೆ. ಆದರೆ ಅವನು ತೆಗೆದಿರುವುದು ಗೋಕಾಕ ಸೀಮೆಯಲ್ಲಿ. ಅಲ್ಲಿನ ಕಲ್ಲಿನ ಸ್ವಭಾವ ಗೊತ್ತಿರುವವರಿಗೆ ಇದು ಸಣ್ಣ ಮಾತಾಗಿ ತೋರುವುದಿಲ್ಲ.

ಗೋಕಾಕ ಫಾಲ್ಸಿನ ಸುತ್ತಲಿನ ಬಂಡೆಗಳು ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹ ಎಂದು ಕರೆಯುವ ಗುಂಪಿಗೆ ಸೇರಿದವು. ಹತ್ತಾರು ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ನೀರಿನಲ್ಲಿ ಮರಳು ಪದರು ಪದರಾಗಿ ಕೂತು, ಒತ್ತಿ, ಗಟ್ಟಿಯಾಗಿ ಆದ ಕಲ್ಲು ಇದು. ಪದರುಗಳು ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿವೆ, ಅವನ್ನು ನೆಟ್ಟನೆಯ ಬಿರುಕುಗಳು ಮೇಲಿಂದ ಕೆಳಗೆ ಸೀಳಿವೆ. ಹಾಗಾಗಿ ಈ ಕಲ್ಲು ಒಡೆಯುವಾಗ ದುಂಡಗೆ ಸವೆಯುವುದಿಲ್ಲ, ಚೌಕ ಚೌಕವಾಗಿ ಕಳಚಿ ಬೀಳುತ್ತದೆ. ಮೇಲೆ ಚಪ್ಪಟೆ ಹಾಸು, ಅದರ ತುದಿಗೆ ಚೂರಿಯಿಂದ ಕುಯ್ದಂಥ ಅಂಚು, ಕೆಳಗೆ ಇನ್ನೊಂದು ಹಾಸು. ಫೋಟೊ ತೆಗೆಯುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು, ಏಕೆಂದರೆ ನಾಲ್ಕಡಿಯ ಮೆಟ್ಟಿಲಿಗೂ ಇಲ್ಲಿ ಕಮರಿಯ ಅಂಚಿನದೇ ರೂಪ.

ಅಪಾಯವೂ ಅದರಲ್ಲೇ ಇದೆ. ಘಟಪ್ರಭೆ ಗೋಕಾಕ ಫಾಲ್ಸಿನಲ್ಲಿ ಸುಮಾರು 52 ಮೀಟರ್, ಅಂದರೆ 170 ಅಡಿ ಕೆಳಗೆ ಧುಮುಕುತ್ತಾಳೆ. ಕುದುರೆ ಲಾಳದಂತೆ ಬಾಗಿದ ಆ ಅಂಚಿನ ಅಗಲ 177 ಮೀಟರ್. ಆ ಅಂಚು ಕೂಡ ಇದೇ ಕಲ್ಲಿನದು, ಹೀಗೇ ಕುಯ್ದಂತಿರುವುದು. ಗೊಡಚಿನಮಲ್ಕಿಯಲ್ಲಿ ಮಾರ್ಕಂಡೇಯ ನದಿ ಎರಡು ಹಂತವಾಗಿ ಬೀಳುತ್ತದೆ, ಎರಡೂ ಸೇರಿ ಸುಮಾರು 43 ಮೀಟರ್. ಅಲ್ಲೂ ಇದೇ ಹಾಸುಬಂಡೆಗಳ ಜಗತ್ತು. ಅಂದರೆ ನಮ್ಮ ಭಾಗದಲ್ಲಿ ಸುಳ್ಳು ಅಂಚು ಮತ್ತು ನಿಜದ ಅಂಚು ಒಂದೇ ಕಲ್ಲಿನಲ್ಲಿ, ಒಂದೇ ಬಣ್ಣದಲ್ಲಿ, ಕೆಲವೆಡೆ ಕೂಗಳತೆಯ ದೂರದಲ್ಲಿ ಇವೆ. ನಿಮ್ಮ ಹುಡುಗನಿಗೆ ತಾನು ಯಾವುದರ ಮೇಲೆ ನಿಂತಿದ್ದೆ ಎಂದು ಗೊತ್ತು. ಫೋಟೊ ನೋಡಿದ ಮೂಡಲಗಿಯ ಹುಡುಗನಿಗೆ, ಹುಕ್ಕೇರಿಯ ಹುಡುಗಿಗೆ ಗೊತ್ತಿಲ್ಲ. ‘ಭಾರಿ ಐತಲೇ, ಎಲ್ಲಿ ಇದು?’ ಎಂದು ಕೆಳಗೆ ಕೇಳುತ್ತಾರೆ, ಇವನು ಊರಿನ ಹೆಸರಷ್ಟೇ ಹೇಳುತ್ತಾನೆ. ಅವರು ಮುಂದಿನ ಭಾನುವಾರ ಬೈಕ್ ಹತ್ತಿ ಬಂದು ಆ ಫೋಟೊದಲ್ಲಿರುವಂಥ ಅಂಚನ್ನು ಹುಡುಕುತ್ತಾರೆ. ಸಿಗುತ್ತದೆ. ಅದು ಇವನು ನಿಂತ ಅಂಚೇ ಆಗಿರಬೇಕೆಂದಿಲ್ಲ.

ಗೋಕಾಕ ಫಾಲ್ಸಿನಲ್ಲಿ 2021ರ ಅಕ್ಟೋಬರ್‌ನಲ್ಲಿ ಸೆಲ್ಫಿ ತೆಗೆಯಲು ಹೋದ ಯುವಕನೊಬ್ಬ ಸುಮಾರು 140 ಅಡಿ ಕೆಳಗೆ ಕಮರಿಗೆ ಬಿದ್ದ. ಕತ್ತಲಲ್ಲಿ ಅಲ್ಲೇ ಸಿಕ್ಕಿಕೊಂಡವನು ಗೆಳೆಯರಿಗೆ ಮೊಬೈಲಿನಿಂದ ಸುದ್ದಿ ಮುಟ್ಟಿಸಿದ, ಬೆಳಗ್ಗೆ ಸ್ಥಳೀಯರು, ಪೊಲೀಸರು ಸೇರಿ ಮೇಲೆ ತಂದರು. ಬದುಕಿ ಬಂದದ್ದು ಅವನ ಪುಣ್ಯ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಿಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಭದ್ರಾವತಿಯ ಯುವಕ ಕಾಲು ಜಾರಿ ನೀರುಪಾಲಾದ. ಗೆಳೆಯ ವಿಡಿಯೊ ಮಾಡುತ್ತಿದ್ದಾಗಲೇ ಅದು ನಡೆಯಿತು. ಆ ಕೆಲವು ಕ್ಷಣಗಳ ದೃಶ್ಯವನ್ನು ನಾಡಿಗೆ ನಾಡೇ ನೋಡಿತು. ಶವ ಸಿಗಲು ಒಂದು ವಾರ ಹಿಡಿಯಿತು. ಅದೇ ತಿಂಗಳು ಬೆಳಗಾವಿ ಕಡೆಯಿಂದಲೂ ಬಹಳ ಜನ ಹೋಗುವ ದೂಧಸಾಗರದಲ್ಲಿ, ರೈಲು ಹಳಿಯ ಮೇಲೆ ನಡೆದುಬಂದ ಚಾರಣಿಗರಿಗೆ ರೈಲ್ವೆ ಪೊಲೀಸರು ಬೈಠಕ್ ಹೊಡೆಸಿದ ಸುದ್ದಿ ಬಂತು. ಹಳಿ, ಹಿಂದೆ ಹಾಲಿನಂಥ ನೀರು, ನಡುವೆ ಬೆನ್ನುಚೀಲ ಹೊತ್ತ ಹುಡುಗ: ಆ ಚಿತ್ರವನ್ನು ಎಷ್ಟು ಸಲ ನೋಡಿದ್ದೇವೆ! ಅದೇ ಚಿತ್ರ ನನ್ನದೂ ಇರಲಿ ಎಂದು ಬಂದವರೇ ಅಲ್ಲಿ ಹೆಚ್ಚು.

2018ರಲ್ಲಿ ಭಾರತದ ವೈದ್ಯರು ಸೇರಿ ಒಂದು ಅಧ್ಯಯನ ಪ್ರಕಟಿಸಿದರು. 2011ರ ಅಕ್ಟೋಬರ್‌ನಿಂದ 2017ರ ನವೆಂಬರ್‌ವರೆಗೆ ಜಗತ್ತಿನ ಸುದ್ದಿಗಳಲ್ಲಿ ಬಂದ ಸೆಲ್ಫಿ ಸಾವುಗಳನ್ನು ಅವರು ಲೆಕ್ಕ ಹಾಕಿದ್ದರು. 137 ಘಟನೆ, 259 ಸಾವು. ಅತಿ ಹೆಚ್ಚು ಸಾವು ಭಾರತದಲ್ಲಿ. ಕಾರಣಗಳಲ್ಲಿ ಮೊದಲನೆಯದು ನೀರಿನಲ್ಲಿ ಮುಳುಗುವುದು. ಸತ್ತವರಲ್ಲಿ ಹೆಚ್ಚಿನವರು ಮೂವತ್ತರೊಳಗಿನವರು. ಈ ಅಂಕಿಗಳನ್ನು ಹೆದರಿಸಲಿಕ್ಕೆ ಹೇಳುತ್ತಿಲ್ಲ. ನಾಲ್ಕಡಿಯ ಮೇಲೆ ನಿಂತು ತೆಗೆದ ಫೋಟೊ ಯಾರನ್ನೂ ಕೊಲ್ಲುವುದಿಲ್ಲ. ಅದು ನಾಲ್ಕಡಿ ಎಂಬ ಮಾತನ್ನು ಬಚ್ಚಿಟ್ಟರೆ ಮಾತ್ರ, ಇನ್ನೊಬ್ಬನನ್ನು ನೂರೆಪ್ಪತ್ತಡಿಯ ಕಡೆಗೆ ಕಳಿಸಬಹುದು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ: ಫೋಟೊ ಜಾಣ್ಮೆ, ಅದರ ಕೆಳಗೆ ‘ಸಾವಿನ ಅಂಚಿನಲ್ಲಿ’ ಎಂದು ಬರೆದರೆ ಆ ಬರಹ ಸುಳ್ಳು.

ಮುಂದಿನ ಸಲ ಇಂಥ ಫೋಟೊ ಬಂದಾಗ ಕೆಲವು ಗುರುತು ನೋಡಿ. ಅಂಚಿನ ಆಚೆ ಕಂಟಿಯ ತುದಿಯೋ ಹುಲ್ಲಿನ ತೆನೆಯೋ ಇಣುಕುತ್ತಿದ್ದರೆ ನೆಲ ಅಲ್ಲೇ ಕೆಳಗಿದೆ ಎಂದರ್ಥ. ಬೆನ್ನುಚೀಲದ ಜೋತುಬಿದ್ದ ಪಟ್ಟಿ, ಕೊರಳಿನ ಸರ, ಬೀಳುವ ನೀರಿನ ಎಳೆ ಇವು ಎಂದಿಗೂ ನೆಟ್ಟಗೆ ಕೆಳಗೇ ಇಳಿಯುತ್ತವೆ. ಚಿತ್ರದಲ್ಲಿ ಅವು ಓರೆಯಾಗಿದ್ದರೆ ಓರೆಯಾದದ್ದು ಮೊಬೈಲು. ಹಿಂದೆ ನೀರು ನಿಂತಿದ್ದರೆ ಅದರ ಗೆರೆ ನೋಡಿ. ನಿಂತ ನೀರು ಇಳಿಜಾರಾಗಿರಲು ಸಾಧ್ಯವಿಲ್ಲ. ಎಲ್ಲಕ್ಕಿಂತ ಮೊದಲು, ಚಿತ್ರದ ಕೆಳಗಿನ ಅಂಚು ಎಲ್ಲಿ ಕತ್ತರಿಸಿದೆ ಎಂದು ಗಮನಿಸಿ. ಜೋತುಬಿದ್ದವನ ಪಾದದ ಹತ್ತಿರವೇ ಚಿತ್ರ ಮುಗಿದಿದ್ದರೆ, ತೆಗೆದವನಿಗೆ ಅದರ ಕೆಳಗಿನದು ಬೇಡವಾಗಿತ್ತು.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಈ ಬಗೆಯ ಚಿತ್ರದಲ್ಲಿ ಅತಿ ಹೆಚ್ಚು ನಷ್ಟವಾಗುವುದು ಆ ಜಾಗಕ್ಕೇ. ಬೋರಲು ಮಲಗಿ ತೆಗೆದ ಫೋಟೊದಲ್ಲಿ ಗೋಕಾಕದ ಕಲ್ಲು ಯಾವ ಊರಿನ ಕಲ್ಲಾದರೂ ಆಗಬಹುದು. ಹುಡುಗ ನಿಂತ ಹಾಸುಬಂಡೆಯ ಮೇಲೆಯೇ, ಬೆಳಗಿನ ಎಳೆಬಿಸಿಲು ಅಡ್ಡಲಾಗಿ ಬೀಳುವ ಹೊತ್ತಿನಲ್ಲಿ, ಸಾಲು ಸಾಲಾದ ಸಣ್ಣ ಏಣುಗಳನ್ನು ಹುಡುಕಲು ಹೇಳಿ. ಈ ಶಿಲಾಸಮೂಹದ ಮರಳುಗಲ್ಲಿನಲ್ಲಿ ಅಂಥವು ಅಲ್ಲಲ್ಲಿ ಸಿಗುತ್ತವೆ. ಹೊಳೆಯ ದಂಡೆಯ ತೇವದ ಉಸುಕಿನ ಮೇಲೆ ನೀರು ಮೂಡಿಸುವ ಗೆರೆಗಳಿವೆಯಲ್ಲ, ಅವೇ ಅವು, ಹಾಗೆಯೇ ಕಲ್ಲಾಗಿವೆ. ಆ ನೀರು ಅಲ್ಲಾಡಿದ ಕಾಲದಲ್ಲಿ ಭೂಮಿಯ ಮೇಲೆ ಗಿಡವಿರಲಿಲ್ಲ, ಪ್ರಾಣಿಯಿರಲಿಲ್ಲ. ನಡುನೆತ್ತಿಯ ಬಿಸಿಲಲ್ಲಿ ಈ ಏಣುಗಳು ಕಾಣುವುದೇ ಇಲ್ಲ. ಬೆಳಕು ಓರೆಯಾಗಿದ್ದಾಗ ಪ್ರತಿಯೊಂದಕ್ಕೂ ಒಂದೊಂದು ನೆರಳಿನ ಗೆರೆ ಹುಟ್ಟುತ್ತದೆ, ಕೈಯಿಟ್ಟರೆ ಬೆರಳಿಗೆ ಸಿಗುತ್ತವೆ. ಅದನ್ನು ಮೊಬೈಲಿನಲ್ಲಿ ಹಿಡಿಯಲು ಬೋರಲು ಮಲಗಬೇಕು, ಮೊಬೈಲನ್ನು ನೆಲಕ್ಕೆ ತಾಗಿಸಬೇಕು, ಓರೆ ಎಷ್ಟಿರಬೇಕೆಂದು ನೋಡಬೇಕು. ಅವನು ಈಗಾಗಲೇ ಕಲಿತಿರುವ ಎಲ್ಲ ವಿದ್ಯೆಯೂ ಅಲ್ಲಿ ಬೇಕಾಗುತ್ತದೆ, ಯಾವ ಅಂಚಿಗೂ ಹೋಗಬೇಕಾಗಿಲ್ಲ.

ನಿಮ್ಮೂರಿನ ಸುತ್ತ ಇಂಥದ್ದು ಬೇಕಾದಷ್ಟಿದೆ. ಧುಪದಾಳದ ಹಿನ್ನೀರನ್ನು ಒಳಗೊಂಡ ಘಟಪ್ರಭಾ ಪಕ್ಷಿಧಾಮ 1974ರಿಂದಲೂ ಇದೆ, ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಅಲ್ಲಿಗೆ ಬಂದಿಳಿಯುತ್ತವೆ. ಹುಡುಗರು ಅದರ ಮಗ್ಗುಲಲ್ಲೇ ಬೈಕ್ ಓಡಿಸಿಕೊಂಡು ಹೋಗಿ ಬಂಡೆಯ ತುದಿ ಹುಡುಕುತ್ತಾರೆ. ಗೋಕಾಕ ಫಾಲ್ಸಿನ ಮೇಲಿನ ತೂಗುಸೇತುವೆ, ದಂಡೆಯ ಮಹಾಲಿಂಗೇಶ್ವರ ಗುಡಿ, ಮಳೆಗಾಲದ ಕೆಂಪು ನೀರು ಇವನ್ನು ಸುರಕ್ಷಿತ ದೂರದಿಂದ ನೆಟ್ಟಗೆ ತೆಗೆದರೂ ನೋಡಿದವರು ಬೆರಗಾಗುತ್ತಾರೆ.

ಹುಡುಗನಿಗೆ ಬೈಯಬೇಡಿ, ಫೋಟೊ ತೆಗೆಯಬೇಡ ಎಂದೂ ಹೇಳಬೇಡಿ. ಎರಡು ಕೆಲಸ ಮಾಡಲು ಹೇಳಿ. ಒಂದು, ಕಮರಿಯ ಫೋಟೊದ ಜತೆಗೆ ಅದೇ ಜಾಗವನ್ನು ಪಕ್ಕದಿಂದ ತೆಗೆದ ಎರಡನೇ ಫೋಟೊವನ್ನೂ ಹಾಕಲಿ. ಕಾಲಡಿಯ ನೆಲ, ಬೋರಲು ಮಲಗಿದ ಗೆಳೆಯ ಎಲ್ಲ ಕಾಣಲಿ. ಜನ ಇಂಥದ್ದನ್ನು ಇಷ್ಟಪಟ್ಟು ನೋಡುತ್ತಾರೆ, ಮೆಚ್ಚುಗೆ ಕಡಿಮೆಯಾದೀತೆಂಬ ಅಂಜಿಕೆ ಬೇಡ. ಇನ್ನೊಂದು, ‘ಎಲ್ಲಿ ಇದು?’ ಎಂದು ಕೇಳಿದವರಿಗೆ ಊರಿನ ಹೆಸರಿನ ಜತೆ ‘ನಾಲ್ಕಡಿ ಕಲ್ಲು, ಫಾಲ್ಸಿನ ಅಂಚಲ್ಲ’ ಎಂದು ಬರೆಯಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಹಾಸುಬಂಡೆಗಳ ಮೇಲೆ ಪಾಚಿ ಕಟ್ಟಿರುತ್ತದೆ, ಮೇಲ್ಭಾಗದಲ್ಲಿ ನೀರು ಬಿಟ್ಟರೆ ಹೊಳೆ ನೋಡನೋಡುತ್ತ ಏರುತ್ತದೆ. ಆ ನಾಲ್ಕು ತಿಂಗಳು ಮಾತ್ರ ಅಂಚಿನ ಹತ್ತಿರ ಹೋಗದಂತೆ ನೀವೇ ತಡೆಯಿರಿ, ಅತ್ತೆಯ ಮಾತನ್ನು ಅವನು ಮೀರಲಾರ. ಯಾರಾದರೂ ಬಿದ್ದದ್ದು ಕಂಡರೆ ಮೊಬೈಲಿನಿಂದ ಮಾಡಬೇಕಾದ ಮೊದಲ ಕೆಲಸ 112ಕ್ಕೆ ಕರೆ.